ಅರವತ್ತೊಂದು ಕುರುಹುಗಳ ವಿಲೇವಾರಿ

ಬೀದಿದೀಪ ನಿರ್ವಹಣಾ ಉಪಕಚೇರಿಯ ಎರಡನೇ ಕೋಣೆಯಲ್ಲಿರುವ ಕಂಪ್ಯೂಟರಿಗೆ, ಅದನ್ನು ಖರೀದಿಸಿದ ದಿನದಿಂದ ಇಂದಿನವರೆಗೆ, ಯಾರೂ ಯಾವ ಪೆನ್‌ಡ್ರೈವನ್ನೂ ಜೋಡಿಸಿರುವುದಿಲ್ಲ. ಇದು ಕಚೇರಿಯ ದಾಖಲೆಗಳಿಂದ ದೃಢಪಟ್ಟಿರುವ ಸಂಗತಿ. ದಾಖಲೆಗಳನ್ನು ದೃಢಪಡಿಸಿದವನು ನಾನೇ ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲ. ನಾನು ಇಲ್ಲಿನ ರೆಕಾರ್ಡ್ ರೂಮಿನ ಗುಮಾಸ್ತ. ಇಪ್ಪತ್ತಾರು ವರ್ಷಗಳಿಂದ ಖಾಯಂ ನೌಕರ.

ಇದು ದೃಢಪಡುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟು ಯಾಕೆ ಹಿಡಿಯಿತು ಅಂತ ಕೆಲವರು ಕೇಳುತ್ತಾರೆ. ಕೇಳುವವರಿಗೇನು, ಬಾಯಿದೆ ಕೇಳುತ್ತಾರೆ. ಅವರ ಅನುಕೂಲಕ್ಕಾಗಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಮೊದಲು ಪ್ರಧಾನ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಕಚೇರಿಯ ಕಂಪ್ಯೂಟರುಗಳಿಗೆ ಬಾಹ್ಯ ಸಾಧನಗಳನ್ನು ಜೋಡಿಸತಕ್ಕದ್ದಲ್ಲ, ಹಿಂದೆಯೂ ಜೋಡಿಸಿರತಕ್ಕದ್ದಲ್ಲ ಎಂದು ಅದರಲ್ಲಿ ಇತ್ತು. ಬಾಹ್ಯ ಸಾಧನ ಎಂದರೆ ಏನು ಎಂಬುದನ್ನೂ ವಿವರಿಸಿದ್ದರು: "ಹೊರಗಿನಿಂದ ತಂದು, ತಾತ್ಕಾಲಿಕವಾಗಿ ಜೋಡಿಸಿ, ಬೇಡವೆನಿಸಿದಾಗ ಯಾವ ಕಾರಣವನ್ನೂ ನೀಡದೆ ತೆಗೆಯಬಹುದಾದ ವಸ್ತು ಅಥವಾ ಇತರೆ." ನಾಲ್ಕು ತಿಂಗಳ ನಂತರ ತಪಾಸಣಾಧಿಕಾರಿಗಳು ಖುದ್ದಾಗಿ ಬಂದು ನೋಡುತ್ತಾರೆ, ಯಾವ ಕಂಪ್ಯೂಟರಿನಲ್ಲಿ ಕುರುಹು ಸಿಕ್ಕುತ್ತದೋ ಅದರ ಉಸ್ತುವಾರಿ ಹೊತ್ತವರನ್ನು ಹೊಣೆ ಮಾಡಲಾಗುವುದು ಎಂದು ಕೊನೆಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ನಮ್ಮಲ್ಲಿ ಕಂಪ್ಯೂಟರಿನ ಉಸ್ತುವಾರಿ ಹೊತ್ತವರು ಆಪರೇಟರಮ್ಮ. ಅವರಿಗೆ ಹೆಸರು ಇದ್ದೇ ಇದೆ, ಆದರೆ ಕಚೇರಿಯಲ್ಲಿ ಅದನ್ನು ಯಾರೂ ಬಳಸಿದ್ದಿಲ್ಲ. ಯಾವ ಬೀದಿಯಲ್ಲಿ ದೀಪ ಉರಿಯುತ್ತಿಲ್ಲ, ಯಾವ ಬೀದಿಯಲ್ಲಿ ಹಗಲೂ ಉರಿಯುತ್ತಿದೆ ಎಂಬ ದೂರುಗಳನ್ನೆಲ್ಲ ಟೈಪು ಮಾಡುವವರು ಅವರೇ. ಹನ್ನೊಂದು ವರ್ಷ ಎಂಟು ತಿಂಗಳಿಂದ ಹಂಗಾಮಿ. ಹನ್ನೆರಡು ವರ್ಷ ಅಖಂಡವಾಗಿ ಸೇವೆ ಸಲ್ಲಿಸಿದ ಹಂಗಾಮಿ ನೌಕರರನ್ನು ಖಾಯಂ ಮಾಡಬೇಕೆಂದು ನಿಯಮವಿದೆ. ಅವರ ಕಡತ ನನ್ನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಬೀರುವಿನಲ್ಲಿ, ಸಾಹೇಬರ ಸಹಿಯೊಂದು ಬಿಟ್ಟು ಉಳಿದೆಲ್ಲದರಿಂದ ತುಂಬಿ ಕೂತಿತ್ತು. ಖಾಯಂ ಆದವರಿಗೆ ಇಲಾಖೆಯ ಮನೆ ಸಿಗುತ್ತದೆ. ಆಗ ಖಾಲಿ ಇದ್ದದ್ದು ಒಂದೇ ಮನೆ, ಅದೂ ನೆಲಮಟ್ಟದ್ದು. ಆಪರೇಟರಮ್ಮ ಇದ್ದದ್ದು ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ. ಅವರ ಅತ್ತೆಗೆ ಮಂಡಿ ಹೋಗಿ ಎರಡು ವರ್ಷದಿಂದ ಕೆಳಗೆ ಇಳಿದಿರಲಿಲ್ಲ. ಸೊಸೆ ಕೆಲಸಕ್ಕೆ ಹೊರಟಾಗ ಆ ಮುದುಕಿ ಕಿಟಕಿಯಿಂದ ಬಗ್ಗಿ ಇವತ್ತಾದರೂ ಸಹಿ ಆಗುತ್ತಾ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೇಳುತ್ತಿದ್ದರಂತೆ. ಆದ್ದರಿಂದ ಆ ಕಡತದ ವಿಷಯ ಇಡೀ ಬೀದಿಗೆ ಗೊತ್ತಿತ್ತು.

ಸುತ್ತೋಲೆ ಓದಿದ ಮೇಲೆ ಸಾಹೇಬರು ಅವರನ್ನು ಕರೆಸಿ, ನಮ್ಮ ಕಂಪ್ಯೂಟರಿನಲ್ಲಿ ಅಂಥದ್ದೇನೂ ಇಲ್ಲ ತಾನೇ ಅಂತ ಕೇಳಿದರು. ಅವರು ಇದೆ ಅಂದರು. ಪೆನ್‌ಡ್ರೈವ್ ತೆಗೆದುಕೊಂಡು ಹೋದರೂ ಅದು ಬಂದು ಹೋದದ್ದನ್ನು ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ, ಮಾಡಿದ ಕಂಪನಿ, ಅದರ ನಂಬರು, ಮೊದಲು ಹಾಕಿದ್ದು ಯಾವಾಗ, ಕೊನೆಗೆ ಹಾಕಿದ್ದು ಯಾವಾಗ ಎಲ್ಲ ಇರುತ್ತದೆ ಎಂದು ವಿವರಿಸಿ, ಪರದೆಯ ಮೇಲೆ ತೋರಿಸಿದರು. ಅರವತ್ತೊಂದು ಸಾಲುಗಳಿದ್ದವು. ಸಾಹೇಬರ ಮುಖ ಸ್ವಲ್ಪ ಬಾಡಿತು. ನಮ್ಮೆಲ್ಲರ ಮುಖವೂ ಬಾಡಿತು ಅನ್ನಿ.

"ಅಳಿಸಿಬಿಡ್ತೀನಿ ಸಾರ್. ಹತ್ತು ನಿಮಿಷದ ಕೆಲಸ" ಅಂದರು ಆಪರೇಟರಮ್ಮ.

ಆಕ್ಷೇಪ ಎತ್ತಿದವನು ನಾನು. ವಿಲೇವಾರಿ ನಿಯಮಗಳ ಪ್ರಕಾರ ಕಚೇರಿಯಲ್ಲಿರುವ ಯಾವುದನ್ನೂ ಪಟ್ಟಿ ಮಾಡದೆ, ಸಮಿತಿಯ ಮುಂದೆ ಇಡದೆ, ಬಹಿರಂಗ ಹರಾಜು ಹಾಕದೆ ತೆಗೆಯುವಂತಿಲ್ಲ. ಕಾಲು ಮುರಿದ ಸ್ಟೂಲೊಂದನ್ನು ಹಾಗೇ ಎಸೆದಿದ್ದಕ್ಕೆ ನನಗಿಂತ ಹಿಂದಿದ್ದ ಗುಮಾಸ್ತ ಆರು ತಿಂಗಳು ಅಮಾನತಿನಲ್ಲಿದ್ದ. ಕುರುಹುಗಳು ಕಚೇರಿಯಲ್ಲಿವೆ, ಕಚೇರಿಯ ಕಂಪ್ಯೂಟರಿನ ಒಳಗಿವೆ, ಆದ್ದರಿಂದ ಕಚೇರಿಯ ಆಸ್ತಿ. ನಾನು ಇದನ್ನು ಹೇಳಿದಾಗ ಸಾಹೇಬರು, ನಿಮ್ಮಂಥವರಿಂದಲೇ ಇಲಾಖೆ ನಿಂತಿರುವುದು ಅಂದರು. ನಾನು ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಸಮಿತಿ ರಚನೆಯಾಯಿತು. ಸಾಹೇಬರು ಅಧ್ಯಕ್ಷರು, ಲೆಕ್ಕಿಗರು ಸದಸ್ಯರು, ನಾನು ಸದಸ್ಯ ಕಾರ್ಯದರ್ಶಿ. ಪಟ್ಟಿ ತಯಾರಿಸುವ ಹೊಣೆ ಆಪರೇಟರಮ್ಮನದು. ವಿಲೇವಾರಿಯ ಫಾರಮ್ಮಿನಲ್ಲಿ ಐದು ಕಾಲಮ್ಮುಗಳಿವೆ. ನಾಲ್ಕನ್ನು ಕಂಪ್ಯೂಟರು ನೋಡಿ ತುಂಬಬಹುದಿತ್ತು. ಐದನೆಯದು "ವಸ್ತುವಿನ ಮೂಲ ಒಡೆಯರು." ಕಂಪ್ಯೂಟರಿಗೆ ಕಂಪನಿಯ ಹೆಸರು ಗೊತ್ತು, ನಂಬರು ಗೊತ್ತು, ಯಾರದ್ದು ಎಂದು ಮಾತ್ರ ಗೊತ್ತಿಲ್ಲ. ಕಾಲಮ್ಮನ್ನು ಖಾಲಿ ಬಿಡುವಂತಿಲ್ಲ. ಒಡೆಯರು ಯಾರೆಂದು ತಿಳಿಯದಿದ್ದರೆ ಉಸ್ತುವಾರಿ ಹೊತ್ತವರ ಹೆಸರನ್ನೇ ಬರೆಯತಕ್ಕದ್ದು ಎಂದು ಫಾರಮ್ಮಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದೆ. ಅಂದರೆ ಅರವತ್ತೊಂದೂ ಅವರ ತಲೆಗೇ ಬರುತ್ತಿತ್ತು, ಖಾಯಂ ಆಗುವ ಕಡತ ಅಲ್ಲಿಗೆ ಮುಗಿಯುತ್ತಿತ್ತು.

ಆಪರೇಟರಮ್ಮ ಎರಡು ದಿನ ಕೂತು ಐದನೇ ಕಾಲಮ್ಮನ್ನು ನೆನಪಿನಿಂದಲೇ ತುಂಬಿದರು. ಈ ಹೆಂಗಸಿನ ನೆನಪನ್ನು ಏನು ಹೇಳಲಿ. ಯಾರು ಏನು ತಂದು ಚುಚ್ಚಿದರೂ ಮೊದಲು ವೈರಸ್ ನೋಡಿ ಕೊಡುತ್ತಿದ್ದವರು ಅವರೇ ಆದ್ದರಿಂದ ಒಂದೊಂದೂ ಅವರಿಗೆ ಮುಖ ಪರಿಚಯವಿತ್ತು. ಮುಚ್ಚಳ ಕಚ್ಚಿ ಹಾಳಾಗಿದ್ದದ್ದು ಲೆಕ್ಕಿಗರ ಮಗಳದ್ದು. ಹದಿನೇಳನೆಯದು ಪೆನ್‌ಡ್ರೈವೇ ಅಲ್ಲ, ಲೆಕ್ಕಿಗರು ಬೇಸಿಗೆಯಲ್ಲಿ ಮುಖಕ್ಕೆ ಹಿಡಿದುಕೊಳ್ಳುತ್ತಿದ್ದ ಪುಟ್ಟ ಫ್ಯಾನು. ಇಪ್ಪತ್ತೆರಡರಿಂದ ಇಪ್ಪತ್ತಾರರವರೆಗೆ ಕಾವಲುಗಾರ ಚಾರ್ಜಿಗೆ ಹಾಕುತ್ತಿದ್ದ ಫೋನುಗಳು, ಅವನು ಬದಲಾಯಿಸಿದ ಕ್ರಮದಲ್ಲಿ. ಎಂಟನೆಯದು ನನ್ನದು. ಅದರಲ್ಲಿ ಹಳೇ ಹಾಡುಗಳಿದ್ದವು, ಅದರ ಬಗ್ಗೆ ಇಲ್ಲಿ ಬರೆಯುವ ಅಗತ್ಯವಿಲ್ಲ.

ನಲವತ್ತೊಂದನೇ ಸಾಲಿಗೆ ಬಂದಾಗ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಲ್ಲಿ "ಸಾಹೇಬರ ಭಾವಮೈದುನರು" ಎಂದು ದುಂಡಗೆ ಬರೆದಿತ್ತು. ಕೊನೆಗೆ ಜೋಡಿಸಿದ್ದು ಬಲ್ಬುಗಳ ಟೆಂಡರ್ ತೆರೆಯುವ ಹಿಂದಿನ ದಿನ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಭಾವಮೈದುನರು ಬಲ್ಬಿನ ವ್ಯಾಪಾರಿ. ಆ ಟೆಂಡರಿನಲ್ಲಿ ಉಳಿದ ಎಲ್ಲರಿಗಿಂತ ಎಳ್ಳಷ್ಟು ಕಡಿಮೆ ದರ ಬರೆದಿದ್ದರಿಂದ ಅದು ಅವರಿಗೇ ಸಿಕ್ಕಿತ್ತು. ಎಂಥ ಚುರುಕು ಮನುಷ್ಯ ಅಂತ ನಾವೆಲ್ಲ ಆಗ ಮೆಚ್ಚಿಕೊಂಡಿದ್ದೆವು.

ಸಾಹೇಬರು ಆಪರೇಟರಮ್ಮನನ್ನು ಕೂರಿಸಿಕೊಂಡು, ಈ ಸಾಲಿನಲ್ಲಿ ಹೆಸರು ತಪ್ಪಾಗಿರಬಹುದಲ್ಲಮ್ಮಾ ಎಂದು ಮೆತ್ತಗೆ ಕೇಳಿದರಂತೆ. ಅವರು, ತಪ್ಪಾಗಿಲ್ಲ ಸಾರ್, ನೀವೇ ಪಕ್ಕದಲ್ಲಿ ನಿಂತಿದ್ದಿರಿ ಅಂದರಂತೆ. ಹಾಗಾದರೆ ತಿಳಿದಿಲ್ಲ ಅಂತ ಬರೆಯಮ್ಮಾ ಅಂದರೆ, ಹಾಗೆ ಬರೆದರೆ ಅದು ನನ್ನ ಮೇಲೆ ಬರುತ್ತೆ ಸಾರ್, ನನ್ನ ಕಡತ ನಿಮ್ಮ ಸಹಿಗೆ ಕಾಯ್ತಿದೆ ಅಂದರಂತೆ. ಇದರಲ್ಲಿ ಎದುರು ಮಾತು ಎಂಬುದೇನೂ ಇರಲಿಲ್ಲ. ಆ ಹೆಂಗಸು ಇದ್ದದ್ದನ್ನು ಇದ್ದ ಹಾಗೆ ಹೇಳುವ ಸ್ವಭಾವದವರು. ಕಚೇರಿಯಲ್ಲಿ ಅಂಥವರು ಒಬ್ಬರಾದರೂ ಇರಬೇಕು, ಇಲ್ಲದಿದ್ದರೆ ಯಾವ ಕಾಗದ ಎಲ್ಲಿದೆ ಅಂತ ಯಾರನ್ನು ಕೇಳುವುದು?

ದಾರಿ ತೋರಿಸಿದವನು ಮತ್ತೆ ನಾನೇ. ಹರಾಜಿನಲ್ಲಿ ಮಾರಾಟವಾದ ವಸ್ತುವಿನ ಜೊತೆಗೆ ಅದರ ಪಟ್ಟಿಯನ್ನೂ ಕೊಂಡವರಿಗೇ ಕೊಡಬೇಕು, ಪ್ರತಿ ಇಟ್ಟುಕೊಳ್ಳುವಂತಿಲ್ಲ. ಕೊಂಡವರು ಅದನ್ನು ಏನು ಮಾಡಿದರೆ ನಮಗೇನು? ಸಾಹೇಬರು ಎದ್ದು ನಿಂತು ನನ್ನ ಕೈ ಕುಲುಕಿದರು. ಮರುದಿನವೇ ಹಲಗೆಗೆ ಈ ಪ್ರಕಟಣೆ ಅಂಟಿಸಿದೆವು:

"ಈ ಕಚೇರಿಯಲ್ಲಿ ಬಳಕೆಗೆ ಬಾರದ ಸ್ಥಿತಿಯಲ್ಲಿರುವ ಅರವತ್ತೊಂದು ಕುರುಹುಗಳನ್ನು ಇದ್ದ ಹಾಗೆ, ಇದ್ದಲ್ಲಿಯೇ, ಬಹಿರಂಗ ಹರಾಜು ಹಾಕಲಾಗುವುದು. ಆಸಕ್ತರು ಕಚೇರಿಯ ವೇಳೆಯಲ್ಲಿ ಬಂದು ಕುರುಹುಗಳನ್ನು ನೋಡಬಹುದು. ಮುಟ್ಟತಕ್ಕದ್ದಲ್ಲ. ಕೊಂಡ ಕುರುಹುಗಳನ್ನು ವಾಪಸು ಪಡೆಯಲಾಗುವುದಿಲ್ಲ."

ಹರಾಜಿಗೆ ಇಬ್ಬರು ಬಂದರು. ಒಬ್ಬ ಗುಜರಿ ವ್ಯಾಪಾರಿ. ಅವನು ತಕ್ಕಡಿ ತಂದಿದ್ದ. ಎಷ್ಟು ತೂಕ ಬರುತ್ತೆ ಅಂತ ಕೇಳಿದ. ತೂಕ ಇಲ್ಲ ಅಂದೆವು. ಹಾಗಾದರೆ ಎಷ್ಟು ಅಡಿ ಉದ್ದ ಅಂದ. ಉದ್ದವೂ ಇಲ್ಲ ಅಂದೆವು. ಬಡವರ ಹೊಟ್ಟೆಮೇಲೆ ಹೊಡೆಯುವುದು ಬಿಟ್ಟು ಇವರಿಗೆ ಬೇರೆ ಕೆಲಸ ಇಲ್ಲ ಎಂದು ಬೈದುಕೊಂಡು ತಕ್ಕಡಿ ಹೆಗಲಿಗೆ ಹಾಕಿಕೊಂಡು ಹೋದ. ಎರಡನೆಯವರು ಭಾವಮೈದುನರು. ಹರಾಜು ಅವರಿಗೇ ಆಯಿತು.

ಅವರು ಕೊಂಡದ್ದನ್ನು ತೆಗೆದುಕೊಂಡು ಹೋಗಲು ಜೇಬಿನಿಂದ ಪೆನ್‌ಡ್ರೈವ್ ತೆಗೆದರು. ಆಪರೇಟರಮ್ಮ ಅದನ್ನು ನೋಡಿ, ಇದು ನಲವತ್ತೊಂದನೆಯದೇ ಅಲ್ವಾ ಸಾರ್, ಈಗ ಹಾಕಿದರೆ ಇವತ್ತಿನ ತಾರೀಕು ಬೀಳುತ್ತೆ ಅಂದರು. ಭಾವಮೈದುನರು ಬಿಸಿ ತಾಗಿದ ಹಾಗೆ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಹಾಗಾದರೆ ಮಾಲನ್ನು ಬಾಯಲ್ಲೇ ಹೇಳಿ ಒಪ್ಪಿಸಬೇಕೆಂದು ಸಮಿತಿ ಸ್ಥಳದಲ್ಲೇ ನಿರ್ಣಯಿಸಿತು. ಆಪರೇಟರಮ್ಮ ಒಂದೊಂದೇ ನಂಬರು ಓದತೊಡಗಿದರು, ಭಾವಮೈದುನರು ಕಾಗದದ ಮೇಲೆ ಬರೆದುಕೊಳ್ಳತೊಡಗಿದರು. ಒಂಬತ್ತನೆಯದರ ಹೊತ್ತಿಗೆ ಅವರಿಗೆ ಕೈ ಸೋತಿತು. ನಲವತ್ತೊಂದನೆಯದನ್ನು ಮಾತ್ರ ಕೊಡಿ, ಉಳಿದದ್ದನ್ನು ಯಾರಾದರೂ ಇಲ್ಲದವರಿಗೆ ಕೊಟ್ಟುಬಿಡಿ ಎಂದು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಎಲ್ಲ ತಲುಪಿದೆ ಎಂದು ಸಹಿ ಮಾಡಿ ಹೋದರು.

ಆಮೇಲೆ ಆಪರೇಟರಮ್ಮ ಕುರುಹುಗಳನ್ನು ಅಳಿಸಿದರು. ನಾನು ಗಡಿಯಾರ ನೋಡುತ್ತಿದ್ದೆ, ಏಳು ನಿಮಿಷ ಹಿಡಿಯಿತು. ಅಳಿಸಿ ನೋಡಿದರೆ ಮತ್ತೆ ಎರಡು ಸಾಲು ಕಾಣಿಸಿದವು, ಮೌಸ್ ಒಂದು, ಕೀಬೋರ್ಡ್ ಒಂದು. ಅವನ್ನು ಅಳಿಸಬೇಕಾದರೆ ಮೌಸ್ ಬೇಕು, ಮೌಸ್ ಇದ್ದರೆ ಅದರ ಕುರುಹು ಇರುತ್ತದೆ. ಸಮಿತಿ ಎರಡು ದಿನ ತಲೆ ಕೆರೆದುಕೊಂಡು, ಮೌಸನ್ನೂ ಕೀಬೋರ್ಡನ್ನೂ ಪೀಠೋಪಕರಣಗಳೆಂದು ಘೋಷಿಸಿತು. ನಾನೇ ಅವುಗಳ ಮೇಲೆ ಬಿಳಿ ಬಣ್ಣದಲ್ಲಿ ಮೇಜು ಕುರ್ಚಿಗೆ ಬರೆಯುವ ಹಾಗೆ ನಂಬರು ಬರೆದೆ. ಕೀಬೋರ್ಡಿನ ಕೆಲವು ಅಕ್ಷರಗಳು ಬಣ್ಣದಡಿ ಹೋದವು, ಆಪರೇಟರಮ್ಮ ಪರವಾಗಿಲ್ಲ ಸಾರ್ ಅಂದರು.

ತಪಾಸಣೆಯ ದಿನ ಬಂತು. ಅದರ ಹಿಂದಿನ ದಿನವೇ ಆಪರೇಟರಮ್ಮನಿಗೆ ಹನ್ನೆರಡು ವರ್ಷ ತುಂಬಿತ್ತು. ಸಾಹೇಬರು ತಪಾಸಣೆ ಮುಗಿದ ಕೂಡಲೇ ಸಹಿ ಹಾಕುತ್ತೇನೆಂದು ಎಲ್ಲರೆದುರಿಗೆ ಹೇಳಿದ್ದರು. ಅತ್ತೆಯನ್ನು ಮೂರು ಮಹಡಿ ಇಳಿಸಲು ಇಬ್ಬರು ಹಮಾಲರನ್ನೂ ಒಂದು ಗಟ್ಟಿ ಕುರ್ಚಿಯನ್ನೂ ಗೊತ್ತು ಮಾಡಿಕೊಂಡಿದ್ದೇನೆ ಎಂದು ಆಪರೇಟರಮ್ಮ ನನಗೆ ಬೆಳಿಗ್ಗೆಯೇ ಹೇಳಿದರು. ಅವರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಹನ್ನೆರಡು ವರ್ಷದಲ್ಲಿ ನೋಡಿರಲಿಲ್ಲ. ನನಗೂ ಖುಷಿಯಾಯಿತು.

ತಪಾಸಣಾಧಿಕಾರಿಗಳು ಸಣ್ಣ ದನಿಯ ಸೌಮ್ಯ ಮನುಷ್ಯ. ಕಂಪ್ಯೂಟರು ನೋಡಿದರು, ಶುಭ್ರವಾಗಿದೆ ಅಂದರು. ಪೀಠೋಪಕರಣಗಳ ನಂಬರನ್ನು ರಿಜಿಸ್ಟರಿನ ಜೊತೆ ತಾಳೆ ನೋಡಿದರು. ಕೊನೆಗೆ ಎಲ್ಲರೂ ಸಹಿ ಮಾಡಬೇಕಾದ ಒಂದು ಫಾರಂ ಕೊಟ್ಟರು. "ಅಳಿಸಲಾದ ಮಾಹಿತಿಯ ಪ್ರತಿ ಯಾವುದೇ ರೂಪದಲ್ಲಿ ನಿಮ್ಮ ಬಳಿ ಇದೆಯೇ? ಸುಳ್ಳು ಹೇಳಿದವರನ್ನು ಸೇವೆಯಿಂದ ವಜಾ ಮಾಡಲಾಗುವುದು." ಸಾಹೇಬರು ಇಲ್ಲ ಎಂದು ಬರೆದರು. ಲೆಕ್ಕಿಗರು ಇಲ್ಲ ಎಂದು ಬರೆದರು. ನಾನೂ ಬರೆದೆ. ಖಾಯಂ ನೌಕರರಿಗೆ ಮರೆಯುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಆಪರೇಟರಮ್ಮ ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಯಾಕಮ್ಮಾ ಎಂದು ಅಧಿಕಾರಿಗಳು ಕೇಳಿದರು.

"ಕಂಪ್ಯೂಟರಿನಲ್ಲಿ ಇಲ್ಲ ಸಾರ್. ಅರವತ್ತೊಂದೂ ನನಗೆ ನೆನಪಿದೆಯಲ್ಲ. ಇಲ್ಲ ಅಂತ ಬರೆದ್ರೆ ಸುಳ್ಳಾಗುತ್ತೆ, ಕೆಲಸ ಹೋಗುತ್ತೆ."

ಅಧಿಕಾರಿಗಳು ಪರೀಕ್ಷೆಗೆಂದು ಹದಿನೇಳನೆಯದು ಏನು ಅಂದರು. ಲೆಕ್ಕಿಗರ ಫ್ಯಾನು ಅಂದರು ಇವರು. ಲೆಕ್ಕಿಗರು ಚಾವಣಿ ನೋಡಿದರು. ಮಧ್ಯದಲ್ಲಿ ಎಲ್ಲಿಯಾದರೂ ಕೇಳೋಣವೆಂದು ಅಧಿಕಾರಿಗಳು ಬೆರಳು ಮಡಚಿ, ನಲವತ್ತೊಂದು ಅಂದರು. ಸಾಹೇಬರು ಕೆಮ್ಮಿದರು. ಆಪರೇಟರಮ್ಮ ಹೆಸರು, ದಿನ, ಗಂಟೆ, ನಿಮಿಷ, ಪಕ್ಕದಲ್ಲಿ ನಿಂತಿದ್ದವರು, ಪ್ರತಿ ಮಾಡಿಕೊಂಡ ಕಡತ ಎಲ್ಲವನ್ನೂ ಹೇಳಿದರು.

ಅಧಿಕಾರಿಗಳು ಕೋಪ ಮಾಡಿಕೊಳ್ಳಲಿಲ್ಲ. ಟೆಂಡರು ತಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದರು. ಆಮೇಲೆ ತಮ್ಮ ಪುಸ್ತಕದಲ್ಲಿ "ಪ್ರತಿ ಒಂದು ಇದೆ, ಸ್ಥಳ: ಆಪರೇಟರ್" ಎಂದು ಬರೆದುಕೊಂಡು, ಇವರ ನೇಮಕದ ಆದೇಶ ತರಿಸಿ ಎಂದರು. ತಂದುಕೊಟ್ಟವನು ನಾನು. "ಹೊರಗಿನಿಂದ ಪಡೆದು, ತಾತ್ಕಾಲಿಕವಾಗಿ ನಿಯೋಜಿಸಿ, ಬೇಡವೆನಿಸಿದಾಗ ಯಾವ ಕಾರಣವನ್ನೂ ನೀಡದೆ ತೆಗೆಯಬಹುದಾದ" ಎಂದು ಅದರಲ್ಲಿತ್ತು. ಅವರು ಅದನ್ನು ಸುತ್ತೋಲೆಯ ಪಕ್ಕದಲ್ಲಿಟ್ಟು ಎರಡನ್ನೂ ಬೆರಳಿನಿಂದ ಓದಿದರು.

"ನೀವು ತಪ್ಪು ಮಾಡಿಲ್ಲಮ್ಮ. ನೀವು ಬಾಹ್ಯ ಸಾಧನ, ಅಷ್ಟೆ. ಜೋಡಿಸಿರಬಾರದಿತ್ತು."

ಪರಿಹಾರವನ್ನೂ ಅವರೇ ಹೇಳಿದರು. ಕುರುಹು ಅಳಿಸಿದರೆ ಸಾಧನ ಬಂದೇ ಇರಲಿಲ್ಲ ಎಂದಾಗುತ್ತದೆ. ಇವರು ಬಂದೇ ಇರಲಿಲ್ಲ ಎಂದಾದರೆ ಏನನ್ನೂ ನೋಡಿರುವುದಿಲ್ಲ, ನೋಡದ್ದನ್ನು ನೆನಪಿಟ್ಟುಕೊಳ್ಳುವುದು ಸಾಧ್ಯವಿಲ್ಲ. ಹಾಗಾದರೆ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ, ಕಚೇರಿಗೂ ಶುದ್ಧತೆಯ ಪ್ರಮಾಣಪತ್ರ ಸಿಗುತ್ತದೆ. ಸಾಹೇಬರು ಇದಕ್ಕಿಂತ ನ್ಯಾಯವಾದದ್ದು ಇರಲಾರದು ಅಂದರು. ಆಪರೇಟರಮ್ಮ ಒಂದೇ ಪ್ರಶ್ನೆ ಕೇಳಿದರು.

"ಆ ಮನೆ ಸಾರ್?"

ಇಲ್ಲದ ನೌಕರರಿಗೆ ಮನೆ ಕೊಡುವ ನಿಯಮ ಇಲ್ಲವೆಂದು ನಾನೇ ಹೇಳಬೇಕಾಯಿತು. ಮನೆ ಖಾಲಿ ಬೀಳಬಾರದೆಂದು ಅದನ್ನು ಬಲ್ಬು ತುಂಬಿಡಲು ಭಾವಮೈದುನರಿಗೆ ಆ ವಾರವೇ ಕೊಟ್ಟರು.

ಹನ್ನೆರಡು ವರ್ಷದ ಹಾಜರಿ ಪುಸ್ತಕಗಳಿಂದ ಅವರ ಸಹಿಗಳನ್ನು ತೆಗೆಯುವ ಕೆಲಸ ನನಗೆ ಬಿತ್ತು. ಬ್ಲೇಡಿನಿಂದ ಕೆರೆದೆ, ನಾಲ್ಕು ದಿನ. ಪುಟಗಳು ಹರಿಯದ ಹಾಗೆ ಆಪರೇಟರಮ್ಮನೇ ಎದುರಿಗೆ ಕೂತು ಹಿಡಿದುಕೊಂಡರು. ಮೊದಲ ವರ್ಷದ ಸಹಿಗಳು ಪೂರ್ತಿ ಹೆಸರಿನವು, ದೊಡ್ಡವು. ಬರುಬರುತ್ತಾ ಎರಡು ಗೀಟು ಆಗಿದ್ದವು. ಐದನೇ ವರ್ಷದ ಪುಸ್ತಕದಲ್ಲಿ ನಾನು ಒಂದು ಕಡೆ ಬಿಟ್ಟು ಮುಂದೆ ಹೋದಾಗ ಅವರು ಬೆರಳಿಟ್ಟು, "ಇಲ್ಲಿ ಅರ್ಧ ದಿನದ ರಜೆ ಇದೆ ಸಾರ್. ಯಜಮಾನರು ಹೋದ ದಿನ. ಅದನ್ನೂ ತೆಗೀರಿ" ಅಂದರು. ತೆಗೆದೆ. ನನಗೆ ಬಹಳ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಆದರೆ ಕೆಲಸ ಅಚ್ಚುಕಟ್ಟಾಗಿತ್ತು, ಬೆಳಕಿಗೆ ಹಿಡಿದರೂ ಗೊತ್ತಾಗುವುದಿಲ್ಲ.

ಈ ನಡುವೆ ದೂರುಗಳು ರಾಶಿ ಬಿದ್ದವು. ಕಂಪ್ಯೂಟರಿನ ಪಾಸ್‌ವರ್ಡು ಯಾರಿಗೂ ಗೊತ್ತಿರಲಿಲ್ಲ, ಬಣ್ಣ ಬಳಿದ ಕೀಬೋರ್ಡಿನಲ್ಲಿ ಟೈಪು ಮಾಡುವುದಂತೂ ಯಾರಿಂದಲೂ ಆಗುವ ಮಾತಲ್ಲ. ಆದ್ದರಿಂದ ಸಾಹೇಬರು ಕಾರ್ಯಾನುಭವ ಅಗತ್ಯವಿಲ್ಲ ಎಂಬ ಷರತ್ತಿನೊಂದಿಗೆ ಒಬ್ಬ ಹಂಗಾಮಿ ಆಪರೇಟರನ್ನು ನೇಮಿಸಿಕೊಂಡರು. ಸೋಮವಾರ ಬೆಳಿಗ್ಗೆ ಆಪರೇಟರಮ್ಮ ಬಂದು ಕೆಲಸಕ್ಕೆ ಸೇರಿದರು. ಹೊಸಬರು ಬಂದಾಗ ಮಾಡುವ ಹಾಗೆ ನಾವು ಒಬ್ಬೊಬ್ಬರೇ ಪರಿಚಯ ಹೇಳಿಕೊಂಡೆವು. ಲೆಕ್ಕಿಗರು ಕುಡಿಯುವ ನೀರು ಎಲ್ಲಿದೆ ಎಂದು ತೋರಿಸಿದರು. ನಾನು ಅವರನ್ನು ಎರಡನೇ ಕೋಣೆಗೆ ಕರೆದುಕೊಂಡು ಹೋಗಿ, ಇದು ನಿಮ್ಮ ಕುರ್ಚಿ, ಎಡಗಡೆಯ ಡ್ರಾಯರು ಸ್ವಲ್ಪ ಬಿಗಿ ಅಂದೆ. ಹೌದಾ ಸಾರ್ ಅಂದರು. ಹತ್ತು ಗಂಟೆಗೆ ಒಬ್ಬ ಅಜ್ಜ ಬಂದು, ಏನಮ್ಮಾ, ಮೂರು ವರ್ಷದಿಂದ ನಿನ್ನ ಕೈಯಲ್ಲೇ ಅರ್ಜಿ ಕೊಡ್ತಿದ್ದೀನಿ, ನಮ್ಮ ಬೀದಿ ಇನ್ನೂ ಕತ್ತಲೇ ಇದೆ ಅಂದ. ನಾನು ಇವತ್ತು ಸೇರಿದವಳು, ಹೊಸದಾಗಿ ಅರ್ಜಿ ಕೊಡಿ ಅಂತ ಇವರು ಹೇಳಿದರು. ಅಜ್ಜ ಅವರ ಮುಖ ನೋಡಿದ, ಹಲಗೆಯ ಮೇಲಿದ್ದ ನೇಮಕದ ಪ್ರಕಟಣೆ ಓದಿದ, ಸರಿ ಎಂದು ಕೂತು ಬರೆದುಕೊಟ್ಟ.

ನಾನು ಅವರ ಹೊಸ ಸೇವಾಪುಸ್ತಕ ತೆರೆದು ಹುಟ್ಟಿದ ದಿನಾಂಕ ಬರೆದೆ. ವಯಸ್ಸು ಅವತ್ತಿಗೆ ಸರಿಯಾಗಿ ನಲವತ್ತಾರು. ಹನ್ನೆರಡು ವರ್ಷ ಅಖಂಡ ಸೇವೆ ಎಂದು ಕೂಡಿಸಿ ನೋಡಿದಾಗ, ಖಾಯಂ ಆಗುವ ದಿನವೂ ಐವತ್ತೆಂಟಕ್ಕೆ ನಿವೃತ್ತಿಯಾಗುವ ದಿನವೂ ಒಂದೇ ಬಿತ್ತು. ಆದೇಶ ಬೆಳಿಗ್ಗೆ, ನಿವೃತ್ತಿ ಸಂಜೆ. ಸಾಹೇಬರಿಗೆ ಇದನ್ನು ತಿಳಿಸಿದಾಗ ಅವರು ತುಂಬ ಸಂತೋಷಪಟ್ಟರು. ಒಂದೇ ಸಮಾರಂಭ ಸಾಕು, ಕುರ್ಚಿಗಳನ್ನು ಒಂದೇ ಸಲ ತರಿಸಿದರಾಯಿತು ಅಂದರು. ಲೆಕ್ಕಿಗರೂ ಒಪ್ಪಿದರು.

ಆಪರೇಟರಮ್ಮನಿಗೂ ಹೇಳಿದೆ. ಅವರು ಟೈಪು ಮಾಡುವುದನ್ನು ನಿಲ್ಲಿಸಿ ಕೇಳಿದರು.

"ಆ ದಿನ ಭಾನುವಾರ ಬೀಳಲ್ಲ ತಾನೇ ಸಾರ್? ಭಾನುವಾರ ಆದ್ರೆ ಸಹಿ ಹಾಕೋರು ಇರಲ್ಲ."

ನಾನು ಕೋಣೆಗೆ ಹೋಗಿ ಲೆಕ್ಕ ಹಾಕಿ ಬಂದು, ಮಂಗಳವಾರ ಬೀಳುತ್ತದೆ ಎಂದೆ. ಅವರಿಗೆ ಸಮಾಧಾನವಾಯಿತು.